ಇಪ್ಪತ್ತೆರಡು ಗೋಲುಗಳ ಮೇಲೊಂದು ನಾಣ್ಯ: ಢಾಕಾ ಫೈನಲ್‌ನ ಪ್ರಕರಣ ಅಧ್ಯಯನ

2024ರ ಫೆಬ್ರುವರಿ 8, ಗುರುವಾರ. ಢಾಕಾದ ಕಮಲಾಪುರ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ, ಅಂದರೆ ಸ್ಯಾಫ್‌ನ, 19 ವರ್ಷದೊಳಗಿನ ಮಹಿಳೆಯರ ಚಾಂಪಿಯನ್‌ಷಿಪ್ ಫೈನಲ್. ಆತಿಥೇಯ ಬಾಂಗ್ಲಾದೇಶಕ್ಕೆ ಭಾರತ ಎದುರಾಳಿ. ಭಾರತ ಆರಂಭದಲ್ಲೇ ಗೋಲು ಹೊಡೆದು ಮುಂದಿತ್ತು. ಇನ್ನೇನು ಗೆದ್ದಂತೆಯೇ ಎನ್ನುವ ಹೊತ್ತಿಗೆ, 90 ನಿಮಿಷ ದಾಟಿದ ಮೇಲೆ, ಬಾಂಗ್ಲಾ ಹುಡುಗಿಯರು ಸಮ ಮಾಡಿದರು. ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಮೊದಲ ಐದೈದು ಕಿಕ್‌ಗಳಲ್ಲಿ ಯಾರೂ ತಪ್ಪಲಿಲ್ಲ. ಆಮೇಲೂ ತಪ್ಪಲಿಲ್ಲ. ಗೋಲ್‌ಕೀಪರ್‌ಗಳೂ ಸೇರಿ ಎರಡೂ ತಂಡಗಳ ಹನ್ನೊಂದು ಹನ್ನೊಂದು ಮಂದಿ ಒದ್ದರು. 22 ಕಿಕ್, 22 ಗೋಲು.

ಇಪ್ಪತ್ಮೂರನೇ ಕಿಕ್‌ಗೆ ಅಣಿಯಾಗುತ್ತಿದ್ದಾಗ ಸಂಘಟಕರ ಪ್ರತಿನಿಧಿಯಾದ ಮ್ಯಾಚ್ ಕಮಿಷನರ್ ಕಡೆಯಿಂದ ಸೂಚನೆ ಬಂತು. ಇಬ್ಬರು ನಾಯಕಿಯರನ್ನೂ ಕರೆದು ನಾಣ್ಯ ಚಿಮ್ಮಲಾಯಿತು. ಟಾಸ್ ಭಾರತದ ಪಾಲಾಯಿತು, ನಮ್ಮ ಹುಡುಗಿಯರು ಕುಣಿದಾಡಿದರು. ಬಾಂಗ್ಲಾ ತಂಡ ಮೈದಾನ ಬಿಟ್ಟು ಕದಲಲಿಲ್ಲ. ಗ್ಯಾಲರಿಯಿಂದ ಬಾಟಲಿಗಳು ಬಿದ್ದವು. ಬಹಳ ಹೊತ್ತು ಗದ್ದಲವಾದ ಮೇಲೆ ಟಾಸ್‌ನ ತೀರ್ಮಾನವನ್ನು ಹಿಂತೆಗೆದುಕೊಂಡು, ಶೂಟೌಟ್ ಮುಂದುವರಿಸಿ ಎಂದರು. ಅಷ್ಟರಲ್ಲಿ ಭಾರತ ತಂಡ ಒಳಗೆ ಹೋಗಿಯಾಗಿತ್ತು, ಮತ್ತೆ ಬರಲು ಒಪ್ಪಲಿಲ್ಲ. ಕೊನೆಗೆ ಎರಡೂ ತಂಡಗಳು ಜಂಟಿ ಚಾಂಪಿಯನ್ ಎಂದು ಘೋಷಣೆಯಾಯಿತು.

ಪತ್ರಿಕೆಗಳಿಗೆ ಇದು ವಿಚಿತ್ರ ಸುದ್ದಿಯಾಗಿ ಎರಡು ದಿನ ನಡೆಯಿತು. ಮೈಸೂರಿನಲ್ಲಿ ಹೊಸ ರೆಫರಿಗಳಿಗೆ ನಿಯಮದ ಪಾಠ ಹೇಳುವ ನನಗೆ ಮಾತ್ರ ಇದಕ್ಕಿಂತ ಒಳ್ಳೆಯ ಪಠ್ಯ ಬೇರೆ ಸಿಕ್ಕಿಲ್ಲ. ಆಫ್‌ಸೈಡ್ ಕೊಡಬೇಕಿತ್ತೇ ಬೇಡವೇ ಎಂದು ಗಂಟೆಗಟ್ಟಲೆ ವಾದಿಸಬಹುದು, ಕಣ್ಣಿಗೆ ಕಂಡಷ್ಟೇ ಸತ್ಯ. ಇಲ್ಲಿ ಹಾಗಿಲ್ಲ. ನಿಯಮ ಸ್ಪಷ್ಟವಾಗಿತ್ತು, ರೆಫರಿಗೆ ಅಧಿಕಾರವಿತ್ತು, ಆಟಗಾರ್ತಿಯರು ಸಿದ್ಧವಿದ್ದರು. ಆದರೂ ನಾಣ್ಯ ಮೇಲೆ ಹಾರಿತು. ಏಕೆ?

ಭಾನುವಾರ ಬೆಳಿಗ್ಗೆ ಮಹಾರಾಜ ಕಾಲೇಜು ಮೈದಾನದಲ್ಲಿ ಒಂದಿಷ್ಟು ಓಡಿ, ಬಿಸಿಲೇರಿದ ಮೇಲೆ ಕಾಲೇಜೊಂದರ ಕೊಠಡಿಯಲ್ಲಿ ಕೂರುವುದು ನಮ್ಮ ರೂಢಿ. ಬರುವವರಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ, ಮಹಿಳಾ ಕಾನ್‌ಸ್ಟೆಬಲ್ ಒಬ್ಬರು, ಸೀಟಿ ಬಿಟ್ಟು ವರ್ಷಗಳಾದರೂ ವಾದ ಬಿಡದ ಹಿರಿಯ ರೆಫರಿಯೊಬ್ಬರು, ಮತ್ತೆ ಮಂಡ್ಯದಿಂದ ಬೆಳಗಿನ ರೈಲಿಗೆ ಬರುವ ದೈಹಿಕ ಶಿಕ್ಷಕಿಯೊಬ್ಬರು. ಇವರ ಹೆಸರು ಇಲ್ಲಿ ಬೇಡ. ಶಿಕ್ಷಕಿ ನೆರೆಯ ದೇಶವೊಂದರಲ್ಲಿ ನಡೆದ ಬಾಲಕಿಯರ ಟೂರ್ನಿಯಲ್ಲಿ ಸಹಾಯಕ ರೆಫರಿಯಾಗಿ ಕೆಲಸ ಮಾಡಿ ಬಂದವರು. ನಮ್ಮ ಗುಂಪಿನಲ್ಲಿ ಹೊರದೇಶದ ಹುಲ್ಲು ತುಳಿದವರು ಅವರೊಬ್ಬರೇ.

ಪ್ರಕರಣವನ್ನು ಮುಂದಿಟ್ಟ ಕೂಡಲೇ ಹುಡುಗ ಸಿಡಿದ. "ಸರ್, ಗೆದ್ದದ್ದನ್ನು ನಮ್ಮಿಂದ ಕಸಿದುಕೊಂಡರು. ಟಾಸ್ ಎಂದರೆ ಟಾಸ್." ಅವನ ಸಿಟ್ಟು ಸಹಜ. ಬಾಂಗ್ಲಾ ನಾಯಕಿ ಟಾಸ್ ಗೆದ್ದಿದ್ದರೆ ಇದೇ ಮಾತು ಬರುತ್ತಿತ್ತೇ ಎಂದು ಕಾನ್‌ಸ್ಟೆಬಲ್ ಕೇಳಿದ ಮೇಲೆ ಸ್ವಲ್ಪ ತಣ್ಣಗಾದ.

ಫುಟ್‌ಬಾಲ್ ನಿಯಮಗಳನ್ನು ರೂಪಿಸುವುದು ಐಎಫ್‌ಎಬಿ ಎಂಬ ಮಂಡಳಿ. ಅದರ 10ನೇ ನಿಯಮ ಪಂದ್ಯದ ಫಲಿತಾಂಶಕ್ಕೆ ಸಂಬಂಧಿಸಿದ್ದು. ಸಮನಾದ ಪಂದ್ಯಕ್ಕೆ ವಿಜೇತರು ಬೇಕೆಂದರೆ ಅನುಮತಿ ಇರುವುದು ಮೂರೇ ದಾರಿಗೆ: ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆ, ತಲಾ 15 ನಿಮಿಷ ಮೀರದ ಎರಡು ಹೆಚ್ಚುವರಿ ಅವಧಿ, ಇಲ್ಲವೇ ಪೆನಾಲ್ಟಿ ಕಿಕ್‌ಗಳು. ಈ ಮೂರನ್ನು ಕೂಡಿಸಿ ಬಳಸಬಹುದು, ನಾಲ್ಕನೆಯದನ್ನು ಸೇರಿಸುವಂತಿಲ್ಲ. ಶೂಟೌಟ್ ಎಲ್ಲಿಯವರೆಗೆ ಎಂಬುದಕ್ಕೂ ಅಲ್ಲೇ ಉತ್ತರವಿದೆ. ಐದೈದು ಕಿಕ್ ಆದ ಮೇಲೂ ಸಮವಿದ್ದರೆ, ಎರಡೂ ತಂಡಗಳ ಕಿಕ್‌ಗಳ ಸಂಖ್ಯೆ ಒಂದೇ ಇದ್ದಾಗ ಒಂದು ತಂಡ ಒಂದು ಗೋಲು ಹೆಚ್ಚು ಹೊಡೆದಿರುವ ತನಕ ಮುಂದುವರಿಯಬೇಕು. ಅರ್ಹರಾದ ಎಲ್ಲರೂ ಒಮ್ಮೆ ಒದೆಯುವ ತನಕ ಯಾರಿಗೂ ಎರಡನೇ ಸರದಿಯಿಲ್ಲ. ಎಲ್ಲರದೂ ಮುಗಿದರೆ ಎರಡನೇ ಸುತ್ತು, ಅದರಲ್ಲಿ ಸರದಿಯನ್ನು ಬದಲಿಸಿಕೊಳ್ಳಲೂ ತಂಡಕ್ಕೆ ಅವಕಾಶವಿದೆ. ಶೂಟೌಟ್‌ನಲ್ಲಿ ನಾಣ್ಯಕ್ಕೆ ಕೆಲಸವಿರುವುದು ಆರಂಭದಲ್ಲಿ: ಯಾವ ಗೋಲು ಕಂಬದ ಕಡೆ, ಯಾರು ಮೊದಲು. ಆಮೇಲೆ ಅದು ರೆಫರಿಯ ಜೇಬಿನಲ್ಲೇ ಇರಬೇಕು.

ಎರಡನೇ ಸುತ್ತು ಪುಸ್ತಕದಲ್ಲಷ್ಟೇ ಉಳಿದ ಮಾತೂ ಅಲ್ಲ. 2006ರ ಆಫ್ರಿಕಾ ಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಐವರಿ ಕೋಸ್ಟ್ ಮತ್ತು ಕ್ಯಾಮರೂನ್ ತಂಡಗಳು ಹನ್ನೊಂದೂ ಮಂದಿಯನ್ನು ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದ್ದವು. ಎರಡನೇ ಸರದಿಗೆ ಬಂದ ಕ್ಯಾಮರೂನ್‌ನ ಸಾಮ್ಯುಯೆಲ್ ಎಟೊ ತಪ್ಪಿದರು, ಐವರಿ ಕೋಸ್ಟ್ 12–11ರಿಂದ ಗೆದ್ದಿತು. ಅಷ್ಟು ದೊಡ್ಡ ಹೆಸರಿನ ಆಟಗಾರನೂ ಎರಡನೇ ಬಾರಿಗೆ ಮುಗ್ಗರಿಸುತ್ತಾನೆ ಎಂದ ಮೇಲೆ, 19 ವರ್ಷದೊಳಗಿನ ಹುಡುಗಿಯರ ಶೂಟೌಟ್ ಬೆಳಗಿನವರೆಗೆ ನಡೆಯುತ್ತಿತ್ತು ಎಂದು ಹೆದರುವ ಅಗತ್ಯವೇನೂ ಇರಲಿಲ್ಲ.

ಹಿರಿಯ ರೆಫರಿಗೆ ಹಳೆಯದು ನೆನಪಾಯಿತು. "ನಾಣ್ಯ ಚಿಮ್ಮಿ ಗೆಲ್ಲಿಸುವ ಕಾಲವೂ ಇತ್ತಲ್ಲಪ್ಪ." ಇತ್ತು, ನಿಜ. 1968ರ ಯುರೋಪಿಯನ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ, ನೇಪಲ್ಸ್ ನಗರದಲ್ಲಿ, ಇಟಲಿ ಮತ್ತು ಸೋವಿಯತ್ ಒಕ್ಕೂಟದ ನಡುವಣ ಪಂದ್ಯ ಗೋಲಿಲ್ಲದೆ ಮುಗಿದು, ಇಟಲಿ ಟಾಸ್‌ನಿಂದ ಫೈನಲ್‌ಗೆ ಹೋಯಿತು. ಅಂಥದ್ದಕ್ಕೆ ಕೊನೆ ಹಾಡಲೆಂದೇ 1970ರಲ್ಲಿ ಪೆನಾಲ್ಟಿ ಕಿಕ್‌ಗಳ ಪದ್ಧತಿ ಜಾರಿಗೆ ಬಂದದ್ದು. ಟೂರ್ನಿಯ ಗುಂಪು ಹಂತದ ಅಂಕಪಟ್ಟಿಯಲ್ಲಿ ಎರಡು ತಂಡಗಳು ಎಲ್ಲ ಲೆಕ್ಕದಲ್ಲೂ ಸಮವಾದರೆ ಚೀಟಿ ಎತ್ತುವುದು ಆಮೇಲೂ ಉಳಿಯಿತು. 1990ರ ವಿಶ್ವಕಪ್‌ನಲ್ಲಿ ಐರ್ಲೆಂಡ್ ಮತ್ತು ನೆದರ್ಲೆಂಡ್ಸ್ ನಡುವೆ ಎರಡನೇ, ಮೂರನೇ ಸ್ಥಾನಗಳು ತೀರ್ಮಾನವಾದದ್ದು ಹಾಗೆಯೇ. ಢಾಕಾದ ಕಮಿಷನರ್ ತಲೆಯಲ್ಲಿ ಈ ಎರಡು ಬೆರೆತಿದ್ದವೋ ಏನೋ ಎಂಬುದು ನನ್ನ ಊಹೆ, ಅಷ್ಟೇ.

ಮ್ಯಾಚ್ ಕಮಿಷನರ್ ಯಾರು ಎಂಬುದು ನಮ್ಮ ಊರಿನ ಪಂದ್ಯಗಳಲ್ಲಿ ಗೊತ್ತಾಗುವುದಿಲ್ಲ. ಇಲ್ಲಿ ಆಯೋಜಕರೇ ಎಲ್ಲ. ಅಂತರರಾಷ್ಟ್ರೀಯ ಟೂರ್ನಿಯಲ್ಲಿ ಅವರು ಸಂಘಟಕರ ಪ್ರತಿನಿಧಿ. ಭದ್ರತೆ ಸರಿಯಿದೆಯೇ, ತಂಡಗಳ ಪಟ್ಟಿ ಬಂದಿದೆಯೇ, ಪಂದ್ಯ ಹೊತ್ತಿಗೆ ಸರಿಯಾಗಿ ಶುರುವಾಯಿತೇ ಎಂದು ನೋಡಿ ವರದಿ ಬರೆಯುವುದು ಅವರ ಹೊಣೆ. ಆಟದ ನಿಯಮ ಅವರ ಕೈಯಲ್ಲಿಲ್ಲ. 5ನೇ ನಿಯಮದ ಪ್ರಕಾರ ನಿಯಮಗಳನ್ನು ಜಾರಿ ಮಾಡುವ ಪೂರ್ಣ ಅಧಿಕಾರ ರೆಫರಿಯದು. ಗೋಲಾಯಿತೋ ಇಲ್ಲವೋ, ಪಂದ್ಯದ ಫಲಿತಾಂಶವೇನು ಎಂಬುದರಲ್ಲಿ ಅವರ ಮಾತೇ ಕೊನೆಯದು.

ಇಷ್ಟು ಹೇಳಿ ಮುಗಿಸಿದಾಗ ಮಂಡ್ಯದ ಶಿಕ್ಷಕಿ, "ಸರ್, ಇದೆಲ್ಲ ನನಗೂ ಗೊತ್ತು. ಆದರೂ ಆ ಜಾಗದಲ್ಲಿ ನಾನಿದ್ದಿದ್ದರೆ ನಾನೂ ನಾಣ್ಯ ಚಿಮ್ಮುತ್ತಿದ್ದೆ" ಎಂದರು. ಅಧ್ಯಯನ ನಿಜವಾಗಿ ಶುರುವಾದದ್ದು ಅಲ್ಲಿಂದ.

ಅವರು ತಮ್ಮ ಟೂರ್ನಿಯ ದಿನಗಳನ್ನು ಬಿಡಿಸಿ ಹೇಳಿದರು. ಹೋಗುವ ಮುಂಚಿನ ಸಿದ್ಧತೆ, ಅಂದರೆ ಓಟದ ಪರೀಕ್ಷೆಯ ತಯಾರಿ, ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೇ: ಗಿಡ್ಡ ದೂರದ ವೇಗದ ಓಟಗಳು, ಆಮೇಲೆ 75 ಮೀಟರ್ ಓಡಿ 25 ಮೀಟರ್ ನಡೆಯುವುದು, ಹೀಗೆ 40 ಸಲ, ಒಟ್ಟು ನಾಲ್ಕು ಕಿಲೋಮೀಟರ್. ಮಂಡ್ಯದ ಕ್ರೀಡಾಂಗಣ ದೂರವಾದ ದಿನಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಟೇಪು ಹಿಡಿದು ಅಳೆದು, ಎರಡು ಕಡೆ ಸುಣ್ಣದ ಗೆರೆ ಎಳೆದು ಓಡುತ್ತಿದ್ದರಂತೆ. ಕಬ್ಬಿನ ಗಾಡಿಯವರು ಎತ್ತು ನಿಲ್ಲಿಸಿ, "ಏನಮ್ಮಾ ಕಳೆದುಕೊಂಡೆ?" ಎಂದು ಕೇಳುತ್ತಿದ್ದರಂತೆ. ಈ ಪರೀಕ್ಷೆ ಕಷ್ಟವೇ, ಆದರೆ ಓಡಿದರೆ ಮುಗಿಯಿತು.

ಹೊರದೇಶದಲ್ಲಿ ಮುಗಿಯದೆ ಕಾಡುವುದು ಬೇರೆ. ರೆಫರಿಗಳು ತಂಡಗಳ ಜೊತೆ ಬೆರೆಯುವಂತಿಲ್ಲ. ಹೋಟೆಲಿನ ಲಿಫ್ಟಿನಲ್ಲಿ ಭಾರತದ ಜೆರ್ಸಿ ಕಂಡರೆ ನಕ್ಕು ಸುಮ್ಮನಾಗಬೇಕು. ಊರಿನವಳು ಸಿಕ್ಕಳೆಂದು ಮಾತಿಗೆ ನಿಂತರೆ ನೋಡಿದವರು ಏನೆಂದುಕೊಳ್ಳುತ್ತಾರೋ. ಕೊಠಡಿಯ ಜೊತೆಗಾತಿ ಬೇರೆ ದೇಶದವಳು, ಇಬ್ಬರಿಗೂ ಅರ್ಧಂಬರ್ಧ ಬರುವ ಹಿಂದಿ, ಇಂಗ್ಲಿಷಿನಲ್ಲಿ ಸಂಸಾರ. ಬೆಳಿಗ್ಗೆ ಓಟ, ಮಧ್ಯಾಹ್ನ ಹಿಂದಿನ ಪಂದ್ಯದ ವಿಡಿಯೊ, ಸಂಜೆ ನೇಮಕದ ಪಟ್ಟಿಗಾಗಿ ಕಾಯುವುದು. ನಾಳೆಯ ಪಂದ್ಯಕ್ಕೆ ಯಾರು ರೆಫರಿ, ಯಾರು ಸಹಾಯಕರು, ಯಾರು ನಾಲ್ಕನೇ ಅಧಿಕಾರಿ ಎಂಬುದು ಆ ಪಟ್ಟಿಯಲ್ಲಿ. ಹೆಸರಿಲ್ಲದ ದಿನ ಊಟ ಸೇರುವುದಿಲ್ಲ, ಹೆಸರಿದ್ದ ದಿನ ನಿದ್ದೆ ಬರುವುದಿಲ್ಲ.

ಪಂದ್ಯದ ದಿನ ಮೈಮೇಲೆ ಒಡವೆ ಇರುವಂತಿಲ್ಲ. 4ನೇ ನಿಯಮದಲ್ಲಿ ಆಟಗಾರ್ತಿಯರಿಗೆ ಎಲ್ಲ ಆಭರಣವೂ ನಿಷಿದ್ಧ, ಮೇಲೆ ಟೇಪು ಸುತ್ತಿ ಮುಚ್ಚುವುದೂ ಸಲ್ಲದು. ಪಂದ್ಯದ ಅಧಿಕಾರಿಗಳಿಗೂ ಹೊತ್ತು ನೋಡುವ ಗಡಿಯಾರ ಬಿಟ್ಟರೆ ಬೇರೇನೂ ಇಲ್ಲ. ಶಿಕ್ಷಕಿ ಮೊದಲ ಪಂದ್ಯದ ಬೆಳಿಗ್ಗೆ ತಾಳಿ ಬಿಚ್ಚಿ ಸೂಟ್‌ಕೇಸಿನ ಒಳಜೇಬಿನಲ್ಲಿಟ್ಟರು, ಮೂಗುಬೊಟ್ಟಿನ ತಿರುಪು ಬಿಗಿದುಕೊಂಡಿತ್ತು, ಜೊತೆಗಾತಿ ಸಾಬೂನು ನೀರು ಹಚ್ಚಿ ಬಿಡಿಸಿದಳು. ರಾತ್ರಿ ವಿಡಿಯೊ ಕರೆಯಲ್ಲಿ ಅತ್ತೆ ಪಂದ್ಯದ ಸುದ್ದಿ ಕೇಳುವ ಮೊದಲು ಬರಿಗತ್ತು ನೋಡಿ, "ಕೊರಳು ಹಾಗೇಕಿದೆ?" ಎಂದರಂತೆ. ನಿಯಮ ಹೇಳಿದರೆ ನಂಬಲಿಲ್ಲ. ಸೊಸೆ ಪುಸ್ತಕದ ಪುಟದ ಫೋಟೊ ಕಳುಹಿಸಿದರು. ಅತ್ತೆಗೆ ಇಂಗ್ಲಿಷ್ ಬಾರದು, ಮೊಮ್ಮಗನ ಬಾಯಿಂದ ಓದಿಸಿ ಒಪ್ಪಿದರಂತೆ. ನಾವೆಲ್ಲ ನಕ್ಕೆವು, ನಾನಂತೂ ಈ ಅತ್ತೆಯನ್ನು ಈಗಲೂ ಮೆಚ್ಚುತ್ತೇನೆ, ಬರಹದಲ್ಲಿ ಕೇಳಿದರು ನೋಡಿ.

ಪಂದ್ಯ ಮುಗಿದ ಮೇಲೆ ಗ್ಯಾಲರಿಯಲ್ಲಿ ಕುಳಿತಿದ್ದ ಮೌಲ್ಯಮಾಪಕರ ಎದುರು ನಿಲ್ಲಬೇಕು. ಯಾವ ಸೀಟಿ ತಡವಾಯಿತು, ಯಾವ ಬಾವುಟ ಬೇಗ ಏರಿತು ಎಂದು ಅವರು ಒಂದೊಂದಾಗಿ ಹೇಳುತ್ತಾರೆ, ಅಂಕ ಕೊಡುತ್ತಾರೆ. ಮುಂದಿನ ನೇಮಕಕ್ಕೆ ಆ ಅಂಕವೂ ಲೆಕ್ಕ. ಅಂತರರಾಷ್ಟ್ರೀಯ ಪಂದ್ಯ ನಡೆಸುವವರಿಗೆ ಕೊಡುವ ಫಿಫಾ ಬ್ಯಾಡ್ಜ್ ಸಿಕ್ಕವರಿಗೂ ಅದು ಶಾಶ್ವತವಲ್ಲ, ಒಂದು ವರ್ಷದ್ದು. ಜನವರಿಗೆ ಮತ್ತೆ ಹೆಸರು ಹೋಗಬೇಕು. 2016ರಲ್ಲಿ ಜೋರ್ಡಾನ್‌ನ 17 ವರ್ಷದೊಳಗಿನ ಮಹಿಳಾ ವಿಶ್ವಕಪ್‌ಗೆ ಸಹಾಯಕ ರೆಫರಿಯಾಗಿ ಹೋದ ಗೋವಾದ ಯುವೆನಾ ಫರ್ನಾಂಡಿಸ್ ಅವರ ದಾರಿ ನಮ್ಮ ಹುಡುಗಿಯರಿಗೆಲ್ಲ ಬಾಯಿಪಾಠ. ಆ ದಾರಿಯಲ್ಲಿ ಎಷ್ಟು ಮಂದಿಯ ಒಪ್ಪಿಗೆ ಬೇಕು ಎಂಬುದೂ ಬಾಯಿಪಾಠ.

"ಈಗ ಹೇಳಿ ಸರ್," ಎಂದರು ಶಿಕ್ಷಕಿ. "ಅಂಥ ಕಡೆ, 90 ನಿಮಿಷ ಓಡಿ, 22 ಕಿಕ್‌ಗಳಿಗೆ ಕೀಪರ್‌ನ ಕಾಲು ಗೆರೆಯ ಮೇಲಿದೆಯೇ ಎಂದು ಕಣ್ಣು ಕೀಲಿಸಿ ನೋಡಿದ ಮೇಲೆ, ಕೋಟು ತೊಟ್ಟು ಗುರುತಿನ ಚೀಟಿ ನೇತು ಹಾಕಿಕೊಂಡ ಹಿರಿಯರೊಬ್ಬರು ಬಂದು ಟಾಸ್ ಹಾಕಿ ಎಂದರೆ, ಇಲ್ಲ ಎನ್ನುವುದಕ್ಕೆ ನಾಲಗೆ ಏಳುತ್ತದೆಯೇ? ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ನಾನು ಇಲ್ಲ ಎಂದದ್ದಿಲ್ಲ. ಮನೆಯಲ್ಲಿ ಮಾವನವರಿಗೂ ಅಂದದ್ದಿಲ್ಲ. ಅಲ್ಲಿ ಹೋಗಿ ಒಂದೇ ಸಲಕ್ಕೆ ಬರುತ್ತದೆಯೇ?"

ಹಿರಿಯ ರೆಫರಿ ಇದನ್ನು ಒಪ್ಪಲಿಲ್ಲ. ನಿಯಮ ಚೆನ್ನಾಗಿ ಗೊತ್ತಿದ್ದರೆ ಧೈರ್ಯ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ಪರೀಕ್ಷಿಸೋಣ ಎಂದು ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ನನ್ನನ್ನೂ ಸೀಟಿ ಹಿಡಿಯುವವರನ್ನೂ ಬಿಟ್ಟರೆ ಅಂದು ಇದ್ದದ್ದು ಹದಿನಾಲ್ಕು ಮಂದಿ. ಏಳೇಳರ ಎರಡು ತಂಡ. ಚೆಂಡು ತಡೆಯಬೇಡಿ ಎಂದು ಕೀಪರ್‌ಗಳಿಗೆ ಗುಟ್ಟಾಗಿ ಹೇಳಿದೆ. ಸೀಟಿ ಎಂಜಿನಿಯರಿಂಗ್ ಹುಡುಗನ ಕೈಗೆ. ಅವನ ಅಂಗೈಯಗಲದ ಚೀಟಿಯಲ್ಲಿ ಎಡಕ್ಕೆ ಒಂದು ತಂಡ, ಬಲಕ್ಕೆ ಒಂದು, ನಡುವೆ ಉದ್ದ ಗೆರೆ. ಒಂದೊಂದು ಗೋಲಿಗೂ ಜೆರ್ಸಿಯ ಸಂಖ್ಯೆ ಬರೆದು ಸುತ್ತ ಸೊನ್ನೆ ಸುತ್ತುತ್ತಿದ್ದ. ಬೆವರಿಗೆ ಕಾಗದ ಒದ್ದೆಯಾಗಿ ಪೆನ್ನು ಸರಿಯಾಗಿ ಓಡುತ್ತಿರಲಿಲ್ಲ. ಏಳೂ ಸಾಲು ತುಂಬಿ 7–7 ಆದಾಗ ಅವನು ಚೀಟಿ ನೋಡಿದ, ಕೆಳಗಿನ ಖಾಲಿ ಜಾಗ ನೋಡಿದ, ಪೆನ್ನಿನ ತುದಿ ಅಲ್ಲೇ ನಿಂತಿತು. ಆ ಗಳಿಗೆಗೆ ಕಾದಿದ್ದ ನಾನು ಗಂಟಲು ಸರಿಪಡಿಸಿಕೊಂಡು, "ರೆಫರಿ, ಇಬ್ಬರೂ ನಾಯಕರನ್ನು ಕರೆಯಿರಿ, ಟಾಸ್ ಹಾಕಿ" ಎಂದೆ. ಅವನು ಜೇಬಿಗೆ ಕೈ ಹಾಕಿ ನಾಣ್ಯ ತೆಗೆದ! ಅರ್ಧ ಗಂಟೆಯ ಹಿಂದೆ 10ನೇ ನಿಯಮವನ್ನು ಗಟ್ಟಿಯಾಗಿ ಓದಿದವನು ಅವನೇ.

ಮುಂದಿನ ಸರದಿ ಕಾನ್‌ಸ್ಟೆಬಲ್ ಅವರದು. ನಾನು ಅದೇ ಗತ್ತಿನಲ್ಲಿ ಹೋಗಿ ಅದನ್ನೇ ಹೇಳಿದೆ. ಅವರು ಸೀಟಿಯನ್ನು ಬಾಯಿಂದ ತೆಗೆದು, ಬೆನ್ನು ನೆಟ್ಟಗೆ ಮಾಡಿ, "ಲಿಖಿತವಾಗಿ ಕೊಡಿ ಸರ್" ಎಂದರು.

ಮೈದಾನ ತುಂಬ ನಗು. ಅವರು ಮಾತ್ರ ನಗಲಿಲ್ಲ. ಠಾಣೆಯಲ್ಲಿ ಮೇಲಿನವರಿಗೆ ಇಲ್ಲ ಎನ್ನುವಂತಿಲ್ಲ, ಆದರೆ ಬಾಯಿಮಾತಿನ ಆದೇಶವನ್ನು ಬರಹದಲ್ಲಿ ಕೇಳುವುದಕ್ಕೆ ಅಡ್ಡಿಯಿಲ್ಲ. ಕೇಳಿದರೆ ಎಷ್ಟೋ ಆದೇಶಗಳು ಅಲ್ಲೇ ಬಿದ್ದುಹೋಗುತ್ತವೆ ಎಂದು ವಿವರಿಸಿದರು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಈ ಉಪಾಯ ರೆಫರಿ ತರಬೇತಿಯ ಯಾವ ಪಾಠದಲ್ಲೂ ನಾನು ಕೇಳಿರಲಿಲ್ಲ. ವಿನಯಕ್ಕೆ ಕುಂದಿಲ್ಲ, ಎದುರು ಮಾತಿಲ್ಲ, ಆದರೂ ಹೊಣೆ ಯಾರದೋ ಅವರ ಹೆಗಲಿಗೇ ಹೋಗುತ್ತದೆ.

ಕೊಠಡಿಗೆ ಮರಳಿ ಅದನ್ನು ಫುಟ್‌ಬಾಲಿಗೆ ಒಗ್ಗಿಸಿದೆವು. ಮೈದಾನದ ನಡುವೆ ಕಾಗದ, ಮೊಹರು ಎಂದು ಕೂರಲಾಗದು. ಹಾಗಾಗಿ ಕೇಳಬೇಕಾದದ್ದು: "ಟೂರ್ನಿಯ ನಿಯಮಾವಳಿಯಲ್ಲಿ ಇದು ಯಾವ ಕಲಂನಲ್ಲಿದೆ, ದಯವಿಟ್ಟು ತೋರಿಸಿ. ಅಲ್ಲಿಯವರೆಗೆ 10ನೇ ನಿಯಮದಂತೆ ಕಿಕ್ ಮುಂದುವರಿಸುತ್ತೇನೆ. ನಿಮ್ಮ ಸೂಚನೆಯನ್ನು ವರದಿಯಲ್ಲಿ ಬರೆಯುತ್ತೇನೆ." ಶಿಕ್ಷಕಿ ಇದನ್ನು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆದುಕೊಂಡು, ಬೆಂಚಿನ ಮೇಲೆ ಕುಳಿತೇ ಮತ್ತೆ ಮತ್ತೆ ಹೇಳಿ ಅಭ್ಯಾಸ ಮಾಡಿದರು. ಮೊದಲು ದನಿ ಪ್ರಶ್ನೆಯಂತೆ ಏರುತ್ತಿತ್ತು. ಬರಬರುತ್ತ ಕೆಳಗಿಳಿದು ನಿಂತಿತು. ಧೈರ್ಯ ತಾನಾಗಿ ಬರುತ್ತದೆ ಎನ್ನುವವರಿಗೆ ನನ್ನ ಉತ್ತರ ಇದೇ. ಓಟವನ್ನು ನಾಲೆಯ ಏರಿಯ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತೇವೆ, ಹಿರಿಯರ ಮಾತನ್ನು ತಡೆಯುವುದನ್ನು ಮಾತ್ರ ಅದೃಷ್ಟಕ್ಕೆ ಬಿಡುತ್ತೇವೆ. ಅದಕ್ಕೂ ಬೆಳಗಿನ ಅಭ್ಯಾಸ ಬೇಕು, ಅದರಲ್ಲೂ ಹಿರಿಯರಿಗೆ ತಲೆಬಾಗುವುದನ್ನೇ ಒಳ್ಳೆಯ ನಡತೆ ಎಂದು ಕಲಿತು ಬಂದ ನಮ್ಮ ಕಡೆಯವರಿಗೆ.

ಇನ್ನು ಟಾಸ್ ಆಗಿಹೋದ ಮೇಲಿನ ಭಾಗ. ಇಲ್ಲಿ ನಮ್ಮಲ್ಲಿ ಒಮ್ಮತ ಮೂಡಲಿಲ್ಲ. ಹಿರಿಯ ರೆಫರಿಯ ವಾದ: ಪಂದ್ಯ ಮುಗಿಯಿತೆಂದು ಸೂಚಿಸಿ ರೆಫರಿ ಮೈದಾನ ಬಿಟ್ಟ ಮೇಲೆ ತೀರ್ಮಾನ ಬದಲಿಸುವಂತಿಲ್ಲ ಎಂದು 5ನೇ ನಿಯಮದಲ್ಲಿಯೇ ಇದೆ, ಆದ್ದರಿಂದ ತಪ್ಪಾದರೂ ಅದನ್ನೇ ಉಳಿಸಬೇಕಿತ್ತು. ನಾನು ಹೇಳಿದ್ದು: ಆ ಮಾತು ಇರುವುದು ಆಟವನ್ನು ಮತ್ತೆ ಹೇಗೆ ಶುರು ಮಾಡಬೇಕು ಎಂಬ ತೀರ್ಮಾನದ ಬಗ್ಗೆ, ಇಲ್ಲಿ ಶೂಟೌಟ್ ಮುಗಿದೇ ಇರಲಿಲ್ಲ, ಮುಗಿಯದ್ದಕ್ಕೆ ಫಲಿತಾಂಶ ಎಲ್ಲಿಯದು? ಟಾಸ್ ರದ್ದು ಮಾಡಿದ್ದು ಸರಿ, ತಡವಾದದ್ದು ತಪ್ಪು. ಗೆದ್ದಿರಿ ಎಂದು ಹೇಳಿ ಕುಣಿಯಲು ಬಿಟ್ಟು, ಆಮೇಲೆ ಮತ್ತೆ ಬಂದು ಒದೆಯಿರಿ ಎಂದು ಆ ವಯಸ್ಸಿನ ಹುಡುಗಿಯರನ್ನು ಕರೆದರೆ ಬಾರದಿದ್ದುದಕ್ಕೆ ಅವರನ್ನು ದೂರುವುದೂ ನನ್ನಿಂದಾಗದು. ಜಂಟಿ ಪ್ರಶಸ್ತಿ ಸಂಘಟಕರ ರಾಜಿ. ರೆಫರಿಯ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಹೊರಡುವಾಗ ಶಿಕ್ಷಕಿ ಇನ್ನೊಂದು ಎಳೆ ಹಿಡಿದರು. ಕಲಂ ತೋರಿಸಿ ಎಂದು ಕೇಳಿದಾಗ, ಟೂರ್ನಿಯ ನಿಯಮಾವಳಿಯಲ್ಲಿ ನಿಜವಾಗಿಯೂ ಟಾಸ್ ಎಂದು ಬರೆದಿದ್ದು, ಅದನ್ನು ತಂದು ತೋರಿಸಿದರೆ? 10ನೇ ನಿಯಮ ಮೂರೇ ದಾರಿ ಎನ್ನುತ್ತದೆ, ಹಾಗಾಗಿ ಅಂಥ ಕಲಂ ನಿಲ್ಲುವುದಿಲ್ಲ ಎಂದೆ. "ಅದು ಬೆಳಿಗ್ಗೆ ನಿಲ್ಲುವುದಿಲ್ಲ ಸರ್. ರಾತ್ರಿ ಅಲ್ಲಿ ನಿಂತಿರುವವಳು ನಾನು" ಎಂದರು. ಕಾನ್‌ಸ್ಟೆಬಲ್, ಹಾಗಿದ್ದರೆ ಇಬ್ಬರು ನಾಯಕಿಯರ ಎದುರೇ ಕಲಂ ಓದಿಸಿ, ಆಕ್ಷೇಪವನ್ನು ದಾಖಲಿಸಿ, ಆಮೇಲೆ ಚಿಮ್ಮಬೇಕು ಎಂದರು. ಹಿರಿಯ ರೆಫರಿ, ಪ್ರಾಣ ಹೋದರೂ ಚಿಮ್ಮಬಾರದು ಎಂದರು. ನಾನು ಹಿರಿಯರ ಪರ. ಆದರೆ ಶಿಕ್ಷಕಿಗೆ ಇಬ್ಬರ ಉತ್ತರವೂ ಪೂರ್ತಿ ಹಿಡಿಸಿಲ್ಲ, ಮುಂದಿನ ಭಾನುವಾರ ನಿಯಮಾವಳಿಯ ಮಾದರಿಯೊಂದನ್ನು ತಂದು ಮತ್ತೆ ಕೂರೋಣ ಎಂದಿದ್ದಾರೆ.